ತೋಟದ ರೈಟರ್ ಕೆಲಸ ಬಿಟ್ಟೆ, ಐದು ತಿಂಗಳ ಸಂಬಳ ಬಂದಿಲ್ಲ. ಯಾರ ಹತ್ತಿರ ಹೋಗಲಿ?

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟದಲ್ಲಿ 2019ರ ಜೂನ್‌ನಿಂದ ರೈಟರ್ ಆಗಿದ್ದೆ, ಆಳುಗಳ ಹಾಜರಿ, ಲೆಕ್ಕ ಬರೆಯುವ ಕೆಲಸ. ತೊಂಬತ್ತು ಎಕರೆ ತೋಟ, ಮೂವತ್ತು ಜನ ಕಾಯಂ ಆಳು. ನನ್ನ ಸಂಬಳ ತಿಂಗಳಿಗೆ 18,500. ಕಳೆದ ಸೆಪ್ಟೆಂಬರ್‌ನಿಂದ ಸಾಹುಕಾರ್ರು ಸಂಬಳ ಕೊಡಲಿಲ್ಲ. ಕಾಫಿ ಮಾರಿದ ಮೇಲೆ ಒಟ್ಟಿಗೆ ಕೊಡ್ತೀನಿ ಅಂದರು. ಕಾದು ಕಾದು ಸಾಕಾಗಿ 2026ರ ಜನವರಿ 31ಕ್ಕೆ ಹೇಳಿಯೇ ಕೆಲಸ ಬಿಟ್ಟೆ. ಈಗ ಹಾಸನದಲ್ಲಿದ್ದೇನೆ. ಫೋನ್ ಮಾಡಿದರೆ, ಗೋದಾಮಿನಲ್ಲಿ ಒಂದು ಮೂಟೆ ಮೆಣಸು ಕಾಣೆಯಾಗಿದೆ, ಅದರ 32,000 ಮುರ್ಕೊಂಡು ಮಿಕ್ಕಿದ್ದು ಆಮೇಲೆ ನೋಡೋಣ ಅಂತಾರೆ. ಗೋದಾಮಿನ ಬೀಗದ ಕೈ ನನ್ನ ಹತ್ತಿರ ಒಂದು, ಅವರ ತಮ್ಮನ ಹತ್ತಿರ ಒಂದು ಇತ್ತು. ನನಗೆ ನೇಮಕಾತಿ ಪತ್ರ ಕೊಟ್ಟಿಲ್ಲ. ಮೊದಲು ಸಂಬಳ ಬರುತ್ತಿದ್ದಾಗ ಕೆಲವು ತಿಂಗಳು ಫೋನ್‌ಪೇ, ಕೆಲವು ತಿಂಗಳು ಕೈಗೆ. ಕಳೆದ ಜೂನ್‌ನಲ್ಲಿ ಮಗಳ ಫೀಸಿಗೆ 15,000 ಅಡ್ವಾನ್ಸ್ ತಗೊಂಡಿದ್ದೆ, ಅದರಲ್ಲಿ 5,000 ಮಾತ್ರ ಮುರಿದಿದ್ದಾರೆ. ತೋಟದ ಡ್ರೈವರ್‌ಗೂ ಮೂರು ತಿಂಗಳದ್ದು ಬಾಕಿ ಇದೆ, ಅವನು ಇನ್ನೂ ಅಲ್ಲೇ ಇದ್ದಾನೆ. ಪೊಲೀಸರಿಗೆ ಹೇಳಲಾ, ಕೋರ್ಟಿಗೆ ಹೋಗಲಾ? ವಕೀಲರಿಗೆ ಕೊಡುವಷ್ಟು ದುಡ್ಡಿಲ್ಲ.

ಉತ್ತರ: ನಿಮ್ಮ ಪತ್ರ ಓದಿ ಮೊದಲು ಸ್ವಲ್ಪ ನಗು ಬಂತು, ಆಮೇಲೆ ಬೇಜಾರಾಯಿತು. ಆರೂವರೆ ವರ್ಷ ಮೂವತ್ತು ಜನರ ಹಾಜರಿ, ವಾರದ ಬಟವಾಡೆ, ಕೊಯ್ಲಿನ ಕೆಜಿ ಲೆಕ್ಕ ಎಲ್ಲವನ್ನೂ ಒಂದು ರೂಪಾಯಿ ಆಚೀಚೆ ಆಗದ ಹಾಗೆ ಬರೆದವರು ನೀವು. ಆದರೆ ನಿಮಗೆ ಒಟ್ಟು ಎಷ್ಟು ಬರಬೇಕು ಅನ್ನೋದನ್ನು ಮಾತ್ರ ಇಡೀ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ನನ್ನ ಹತ್ತಿರ ಬರುವ ಹತ್ತು ಜನರಲ್ಲಿ ಎಂಟು ಜನ ಹೀಗೇ ಬರುತ್ತಾರೆ. ಆದ ಅನ್ಯಾಯ ಬಾಯಿಪಾಠ ಇರುತ್ತದೆ, ಬಾಕಿ ಎಷ್ಟು ಅಂದರೆ "ಸುಮಾರು ಒಂದು ಲಕ್ಷ" ಅಂತಾರೆ. ಹಾಗಾಗಿ ಕಾನೂನಿನ ಮಾತು ಆಮೇಲೆ. ಮೊದಲು ನಿಮ್ಮದೇ ಹಾಜರಿ ಮತ್ತು ಸಂಬಳದ ಲೆಕ್ಕದ ಒಂದು ಚೆಕ್‌ರೋಲ್ ಬರೆಯೋಣ.

ಸೆಪ್ಟೆಂಬರ್, ಅಕ್ಟೋಬರ್, ನವೆಂಬರ್, ಡಿಸೆಂಬರ್, ಜನವರಿ. ಐದು ತಿಂಗಳು, ತಲಾ 18,500, ಒಟ್ಟು 92,500. ಅಡ್ವಾನ್ಸ್‌ನಲ್ಲಿ ಇನ್ನೂ 10,000 ನಿಮ್ಮ ಮೇಲಿದೆ. ಅದನ್ನು ನೀವೇ ಕಳೆಯಿರಿ, ಅವರು ಎತ್ತಿ ತೋರಿಸುವ ತನಕ ಕಾಯಬೇಡಿ. ಉಳಿದದ್ದು 82,500. ಈ ಐದು ತಿಂಗಳಲ್ಲಿ ಸಂಬಳ ಇಲ್ಲದ ರಜೆ ಹಾಕಿದ್ದರೆ ಆ ದಿನಗಳನ್ನೂ ಕಳೆಯಿರಿ. ಹಬ್ಬದ ಖರ್ಚಿಗೆ ಅಂತ ನಡುವೆ ಎರಡು ಸಾವಿರ ಕೈಗೆ ಕೊಟ್ಟಿದ್ದರೆ ಅದನ್ನೂ. ನಾನು ವಕೀಲಿ ಶುರು ಮಾಡಿದ ಹೊಸದರಲ್ಲಿ ಒಬ್ಬರ ಅರ್ಜಿಯಲ್ಲಿ ಆರು ತಿಂಗಳ ಬಾಕಿ ಅಂತ ಬರೆದುಬಿಟ್ಟೆ. ಅದರಲ್ಲಿ ಒಂದು ತಿಂಗಳು ಆ ಮನುಷ್ಯ ಕಾಮಾಲೆ ಬಂದು ಊರಿನಲ್ಲಿ ಮಲಗಿದ್ದ. ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಎದುರು ಪಕ್ಷದವರು ಆ ಒಂದು ತಿಂಗಳನ್ನು ಹಿಡಿದುಕೊಂಡು ಉಳಿದ ಐದು ತಿಂಗಳನ್ನೂ ಸುಳ್ಳು ಅನ್ನುವ ಹಾಗೆ ಎಳೆದಾಡಿದರು. ಐದು ತಿಂಗಳದ್ದು ಕೊನೆಗೆ ಬಂತು, ಆದರೆ ಆಗಬೇಕಾದ್ದಕ್ಕಿಂತ ಒಂದು ವರ್ಷ ಜಾಸ್ತಿ ಹಿಡಿಯಿತು. ಆವತ್ತಿನಿಂದ ನಾನು ಯಾರ ಅರ್ಜಿ ಬರೆದರೂ ಮೊದಲು ಅವರ ವಿರುದ್ಧದ ಲೆಕ್ಕ ಬರೆಸುತ್ತೇನೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರೋಣ. ಪೊಲೀಸರ ಹತ್ತಿರ ಹೋಗಬೇಡಿ. ಸಂಬಳ ವಸೂಲು ಮಾಡಿಕೊಡುವುದು ಅವರ ಕೆಲಸ ಅಲ್ಲ, ಇದು ಸಿವಿಲ್ ವಿಷಯ ಅಂತ ವಾಪಸ್ ಕಳಿಸುತ್ತಾರೆ. ಸಿವಿಲ್ ಕೋರ್ಟಿಗೂ ಈಗ ಹೋಗುವುದು ಬೇಡ. ನೀವು ಹೋಗಬೇಕಾದ್ದು ಕಾರ್ಮಿಕ ಇಲಾಖೆಗೆ. ಅಲ್ಲಿ ಸಂಬಳದ ಬಾಕಿ ಕೇಳುವ ಅರ್ಜಿ ವಿಚಾರಣೆ ಮಾಡಿ ಆದೇಶ ಕೊಡುವ ಅಧಿಕಾರ ಇರುವ ಪ್ರಾಧಿಕಾರ ಇರುತ್ತದೆ. ಕರಿ ಕೋಟು, ಕಟಕಟೆ ಇಲ್ಲದ ಒಂದು ಸಣ್ಣ ನ್ಯಾಯಮಂಡಳಿ ಅಂತಲೇ ಇಟ್ಟುಕೊಳ್ಳಿ. ಸಾಕ್ಷಿಗಳನ್ನು ಕರೆಸುವುದು, ದಾಖಲೆ ತರಿಸುವುದು, ಇದಕ್ಕೆಲ್ಲ ಆ ಅಧಿಕಾರಿಗೆ ಸಿವಿಲ್ ಕೋರ್ಟಿನಷ್ಟೇ ಅಧಿಕಾರ ಇದೆ.

ಒಂದು ವಿಷಯ ನೆನಪಿರಲಿ. ನೀವು ಹಾಸನದಲ್ಲಿದ್ದೀರಿ ಅಂತ ಹಾಸನದ ಲೇಬರ್ ಆಫೀಸಿಗೆ ಕೊಟ್ಟರೆ ನಡೆಯುವುದಿಲ್ಲ. ತೋಟ ಇರುವುದು ಮೂಡಿಗೆರೆ ತಾಲ್ಲೂಕು, ಅಂದರೆ ಚಿಕ್ಕಮಗಳೂರು ಜಿಲ್ಲೆ. ಅರ್ಜಿ ಅಲ್ಲಿಗೇ. ಹಾಸನದಿಂದ ಬೇಲೂರಿನ ಮೇಲೆ ಹೋದರೆ ಅರವತ್ತು ಕಿಲೋಮೀಟರ್ ಆಸುಪಾಸು, ಒಂದು ದಿನದ ಕೂಲಿ ಮತ್ತು ಬಸ್ ಚಾರ್ಜು ಪ್ರತಿ ಸಲ ಖರ್ಚು. ಅದಕ್ಕೆ ಕಾಗದಪತ್ರ ಮೊದಲೇ ಸರಿಯಾಗಿ ಜೋಡಿಸಿಕೊಂಡು ಹೋಗಿ, ಒಂದು ಝೆರಾಕ್ಸ್ ಮರೆತು ಇನ್ನೊಂದು ಸಲ ಓಡಾಡುವ ಹಾಗೆ ಆಗಬಾರದು.

ಇನ್ನು ಕಾನೂನು. ಇಲ್ಲಿ ಸ್ವಲ್ಪ ಗಮನ ಕೊಟ್ಟು ಓದಿ, ಯಾಕಂದರೆ ನಿಮ್ಮ ಕೇಸು ವಿಚಿತ್ರ ಕಾಲದಲ್ಲಿ ಬಿದ್ದಿದೆ. 2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಸಂಬಳಕ್ಕೆ ಸಂಬಂಧಪಟ್ಟದ್ದು 2019ರ ವೇತನ ಸಂಹಿತೆ. ಅದಕ್ಕೂ ಮೊದಲು ಇದ್ದದ್ದು 1936ರ ವೇತನ ಪಾವತಿ ಕಾಯ್ದೆ. ನಿಮ್ಮ ಬಾಕಿ ಒಂದು ಕಾಲು ಆ ಕಡೆ, ಒಂದು ಕಾಲು ಈ ಕಡೆ ಇಟ್ಟುಕೊಂಡು ನಿಂತಿದೆ. ಸೆಪ್ಟೆಂಬರ್, ಅಕ್ಟೋಬರ್ ಸಂಬಳ ಹಳೆ ಕಾಯ್ದೆ ಇದ್ದಾಗಿನದ್ದು, ಡಿಸೆಂಬರ್, ಜನವರಿ ಹೊಸದು ಬಂದ ಮೇಲಿನದ್ದು, ನವೆಂಬರ್ ಎರಡರ ಮಧ್ಯೆ.

ಹೊಸ ಸಂಹಿತೆಯಲ್ಲಿ ಬಾಕಿ ಕೇಳೋಕೆ ಮೂರು ವರ್ಷ ಅವಕಾಶ ಇದೆ. ಹಳೆ ಕಾಯ್ದೆಯಲ್ಲಿ ಇದ್ದದ್ದು ಹನ್ನೆರಡೇ ತಿಂಗಳು. ಸರಿಯಾದ ಕಾರಣ ಇದ್ದರೆ ತಡವನ್ನು ಮನ್ನಿಸುವ ಅಧಿಕಾರ ಎರಡರಲ್ಲೂ ಇದೆ, ಆದರೆ ಅದನ್ನು ನಂಬಿ ಕೂರುವುದು ಬೇಡ. ಮೂರು ವರ್ಷ ಇದೆಯಲ್ಲ ಅಂತ ನಿಧಾನ ಮಾಡಿದರೆ, ಎದುರಿನ ವಕೀಲರು ಸೆಪ್ಟೆಂಬರ್ ಸಂಬಳಕ್ಕೆ ಹಳೆ ಲೆಕ್ಕವೇ ಅನ್ವಯ ಅಂತ ಶುರು ಮಾಡುತ್ತಾರೆ. ಆ ವಾದ ನಿಲ್ಲುತ್ತೋ ಬಿಡುತ್ತೋ, ನಮಗೆ ಯಾಕೆ ಆ ತಲೆನೋವು? ಸೆಪ್ಟೆಂಬರ್ ಸಂಬಳ ಕೊಡಬೇಕಾದ ಗಡುವು ಅಕ್ಟೋಬರ್ 7. ಅಲ್ಲಿಂದ ಹನ್ನೆರಡು ತಿಂಗಳು ಅಂದರೆ 2026ರ ಅಕ್ಟೋಬರ್ ಮೊದಲ ವಾರ. ಅದಕ್ಕೂ ಮೊದಲು, ಸಾಧ್ಯವಾದರೆ ಮಳೆಗಾಲ ಜೋರಾಗುವ ಮುಂಚೆಯೇ, ಅರ್ಜಿ ಹಾಕಿಬಿಡಿ. ಆಗ ಯಾವ ಕಾನೂನು ಹಿಡಿದು ನೋಡಿದರೂ ಐದೂ ತಿಂಗಳು ಒಳಗೇ ಬರುತ್ತದೆ. ಹಳೆ ಕಾಯ್ದೆಯಲ್ಲಿ ತಿಂಗಳಿಗೆ 24,000 ಸಂಬಳದವರೆಗೆ ಮಾತ್ರ ಅಂತ ಮಿತಿ ಇತ್ತು, ಹೊಸದರಲ್ಲಿ ಆ ಮಿತಿ ಇಲ್ಲ. ನಿಮಗೆ ಎರಡೂ ಕಡೆ ತೊಂದರೆ ಇಲ್ಲ.

"ಕಾಫಿ ಮಾರಿದ ಮೇಲೆ ಕೊಡ್ತೀನಿ" ಅನ್ನೋ ಮಾತಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ತಿಂಗಳ ಸಂಬಳ ಮುಂದಿನ ತಿಂಗಳ ಏಳನೇ ತಾರೀಕಿನೊಳಗೆ ಕೊಡಬೇಕು. ಕೆಲಸ ಬಿಟ್ಟರೆ, ಅವರು ತೆಗೆದಿದ್ದರೂ ಅಷ್ಟೇ, ನೀವೇ ರಾಜೀನಾಮೆ ಕೊಟ್ಟಿದ್ದರೂ ಅಷ್ಟೇ, ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು. ಅಂದರೆ ಫೆಬ್ರವರಿ ಮೊದಲ ವಾರದಲ್ಲಿ ನಿಮ್ಮ ಕೈ ಸೇರಬೇಕಿತ್ತು. ಬೆಳೆ ಕೈಕೊಟ್ಟಿರಬಹುದು, ಕಾಯಿ ಉದುರಿರಬಹುದು, ರೇಟು ಬಿದ್ದಿರಬಹುದು. ಬೆಳೆಗಾರರ ಕಷ್ಟ ನನಗೂ ಗೊತ್ತು, ನನ್ನ ಅಜ್ಜನಿಗೂ ಆರು ಎಕರೆ ರೋಬಸ್ಟಾ ಇತ್ತು. ಆದರೆ ರೇಟು ಏರಿದ ವರ್ಷ ರೈಟರಿಗೆ ಎರಡು ಸಂಬಳ ಕೊಟ್ಟ ತೋಟ ನಾನು ಇನ್ನೂ ನೋಡಿಲ್ಲ.

ಇನ್ನು ಮೆಣಸಿನ ಮೂಟೆ. ಇದು ನಿಮ್ಮನ್ನು ಹೆದರಿಸೋಕೆ ಇಟ್ಟಿರುವ ಬೆದರುಬೊಂಬೆ ಅಂತ ನನ್ನ ಅಂದಾಜು. ಸಂಬಳದಲ್ಲಿ ಹೇಗೆ ಬೇಕೋ ಹಾಗೆ ಮುರಿಯೋಕೆ ಆಗಲ್ಲ. ಕಾನೂನು ಯಾವ್ಯಾವುದಕ್ಕೆ ಮುರಿಯಬಹುದು ಅಂತ ಪಟ್ಟಿ ಮಾಡಿದೆ. ಅಡ್ವಾನ್ಸ್ ಆ ಪಟ್ಟಿಯಲ್ಲಿದೆ, ಸಾಮಾನು ನಷ್ಟವೂ ಇದೆ. ಆದರೆ ನಷ್ಟಕ್ಕೆ ಮುರಿಯಬೇಕಾದರೆ ಆ ಸಾಮಾನನ್ನು ನಿಮ್ಮ ವಶಕ್ಕೆ ಅಂತಲೇ ಒಪ್ಪಿಸಿರಬೇಕು, ಹೋಗಿದ್ದು ನೇರವಾಗಿ ನಿಮ್ಮ ಅಜಾಗರೂಕತೆಯಿಂದಲೇ ಆಗಿರಬೇಕು, ಮುರಿಯುವ ಮುಂಚೆ ನಿಮ್ಮನ್ನು ಕೇಳಿ ಉತ್ತರ ಹೇಳೋಕೆ ಅವಕಾಶ ಕೊಟ್ಟಿರಬೇಕು. ನಿಮ್ಮನ್ನು ಯಾರು ಕೇಳಿದರು? ಫೋನಿನಲ್ಲಿ ಹೇಳಿದ್ದಷ್ಟೇ, ಅದೂ ನೀವು ಬಾಕಿ ಕೇಳಿದ ಮೇಲೆ. ಬೀಗದ ಕೈ ಇಬ್ಬರ ಹತ್ತಿರ ಇತ್ತು ಅನ್ನೋದು ಬಹಳ ಮುಖ್ಯ, ಅದನ್ನು ಅರ್ಜಿಯಲ್ಲಿ ಮರೆಯದೆ ಬರೆಯಿರಿ. ಮೂಟೆ ಯಾವಾಗ ಕಾಣೆಯಾಯಿತು ಅಂತ ಅವರನ್ನೇ ಕೇಳಿ. ಮೆಣಸು ಕುಯ್ದು, ಒಣಗಿಸಿ, ಮೂಟೆ ಕಟ್ಟಿ, ತೂಕ ಬರೆದು ಗೋದಾಮಿಗೆ ಇಳಿಸಿದ ದಿನಾಂಕ ನಿಮ್ಮದೇ ಸ್ಟಾಕ್ ಪುಸ್ತಕದಲ್ಲಿ ಇರುತ್ತದಲ್ವಾ? ಆ ಪುಸ್ತಕವನ್ನು ಹಾಜರುಪಡಿಸಿ ಅಂತ ಪ್ರಾಧಿಕಾರದ ಮುಂದೆ ಕೇಳಬಹುದು. ಕಳ್ಳತನ ಅಂತ ಪೊಲೀಸ್ ದೂರು ಕೊಡ್ತೀನಿ ಅಂತ ಅವರು ಹೆದರಿಸಿದರೆ ಸಮಾಧಾನವಾಗಿ, ಕೊಡಿ ಸಾರ್, ನಾನೂ ಬಂದು ಹೇಳಿಕೆ ಕೊಡ್ತೀನಿ ಅನ್ನಿ. ನಿಜವಾಗಿ ಮೂಟೆ ಹೋಗಿದ್ದರೆ ಆವತ್ತೇ ದೂರು ಕೊಡುತ್ತಿದ್ದರು.

ಈಗ ಪುರಾವೆ. ನೇಮಕಾತಿ ಪತ್ರ ಇಲ್ಲ ಅಂತ ನೀವು ಭಯಪಟ್ಟಿದ್ದೀರಿ. ಹೊಸ ಸಂಹಿತೆಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಕಲಂ ಇದೆ, 59ನೆಯದು. ಸಂಬಳ ಬಂದಿಲ್ಲ ಅಂತ ಕೆಲಸದವರು ಅರ್ಜಿ ಹಾಕಿದರೆ, ಕೊಟ್ಟಿದ್ದೇನೆ ಅಂತ ಸಾಬೀತು ಮಾಡುವ ಹೊಣೆ ಮಾಲೀಕರದ್ದು. ಕೊಟ್ಟಿಲ್ಲ ಅನ್ನೋದನ್ನು ನೀವು ಸಾಬೀತು ಮಾಡಬೇಕಿಲ್ಲ. ನೀವು ತೋರಿಸಬೇಕಾದ್ದು ಅಲ್ಲಿ ಕೆಲಸ ಮಾಡುತ್ತಿದ್ದೆ, ಸಂಬಳ ಇಷ್ಟಿತ್ತು, ಇಷ್ಟು ತಿಂಗಳು ಇದ್ದೆ ಅನ್ನೋದು.

ಅದಕ್ಕೆ ನಿಮ್ಮ ಹತ್ತಿರ ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಇದೆ. ಫೋನ್‌ಪೇಯಲ್ಲಿ ಸಂಬಳ ಬಂದ ತಿಂಗಳುಗಳ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ಸೀಲು ಹಾಕಿಸಿಕೊಳ್ಳಿ. 18,500 ಅನ್ನೋ ಅಂಕಿ ನಾಲ್ಕೈದು ಕಡೆ ಒಂದೇ ಹೆಸರಿನಿಂದ ಬಂದಿದ್ದರೆ ಸಂಬಳ ಎಷ್ಟು ಅನ್ನೋ ಪ್ರಶ್ನೆ ಅಲ್ಲಿಗೇ ಮುಗಿಯಿತು. ಆಮೇಲೆ ವಾಟ್ಸಾಪ್. ಯಾವ ತೋಟದ ರೈಟರ್ ಆದರೂ ಸಾಯಂಕಾಲ ಸಾಹುಕಾರ್ರಿಗೆ ಲೆಕ್ಕ ಕಳಿಸಿಯೇ ಕಳಿಸುತ್ತಾರೆ. ಗಂಡಾಳು ಎಷ್ಟು, ಹೆಣ್ಣಾಳು ಎಷ್ಟು, ಹಣ್ಣು ಎಷ್ಟು ಕೆಜಿ, ಪಲ್ಪರ್‌ಗೆ ಹೋಗಿದ್ದೆಷ್ಟು, ಕಣದಲ್ಲಿ ಎಷ್ಟು. ಕೊನೆಯ ಐದು ತಿಂಗಳಲ್ಲಿ ಅಂಥ ಮೆಸೇಜ್ ನೂರಾದರೂ ಇರುತ್ತವೆ. ಅದಕ್ಕಿಂತ ಒಳ್ಳೆಯ ಹಾಜರಿ ಪುಸ್ತಕ ಬೇಕಾ? ಅವರು ಹೆಬ್ಬೆರಳು ತೋರಿಸಿ ಸರಿ ಅಂತ ಹಾಕಿದ್ದರೂ ಸಾಕು. "ಕಾಫಿ ಮಾರಿದ ಮೇಲೆ ಕೊಡ್ತೀನಿ" ಅಂತ ವಾಯ್ಸ್ ಮೆಸೇಜ್ ಏನಾದರೂ ಇದ್ದರೆ ಅದು ಬಂಗಾರ, ಬಾಕಿ ಇದೆ ಅಂತ ಅವರೇ ಒಪ್ಪಿದ ಹಾಗೆ.

ಫೋನ್ ಬದಲಾಯಿಸಬೇಡಿ. ಮಾರಲೂ ಬೇಡಿ, ಮಗಳಿಗೆ ಆಟಕ್ಕೂ ಕೊಡಬೇಡಿ. ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಮೇಲ್‌ಗೆ ಕಳಿಸಿಟ್ಟುಕೊಳ್ಳಿ, ಬೇಕಾದ ಭಾಗಗಳ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಹಾಕಿಸಿ. ಫೋನಿನ ದಾಖಲೆ ಸಾಕ್ಷಿಯಾಗಿ ಕೊಡುವಾಗ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ, ಇದು ಇಂಥ ಫೋನಿನಿಂದಲೇ ತೆಗೆದದ್ದು ಅನ್ನುವ ಒಂದು ಪ್ರಮಾಣಪತ್ರ ಲಗತ್ತಿಸಬೇಕಾಗುತ್ತದೆ. ಲೇಬರ್ ಆಫೀಸಿನಲ್ಲಿ ಇದಕ್ಕೆ ಕೋರ್ಟಿನಷ್ಟು ಬಿಗಿ ಇರಲ್ಲ, ಆದರೂ ಮೊದಲೇ ಇದ್ದರೆ ಒಳ್ಳೆಯದು. ಚೆಕ್‌ರೋಲ್ ನಿಮ್ಮ ಕೈಬರಹದಲ್ಲೇ ಇದೆ. ಅದರ ಫೋಟೋ ಫೋನಿನಲ್ಲಿ ಇದ್ದರೆ ಇಟ್ಟುಕೊಳ್ಳಿ. ಆದರೆ ಪುಸ್ತಕವನ್ನೇ ಮನೆಗೆ ತಂದಿದ್ದರೆ, ಪತ್ರದಲ್ಲಿ ನೀವು ಹೇಳಿಲ್ಲ, ಆದರೂ ಕೇಳ್ತೀನಿ, ತಂದಿದ್ದರೆ ಬೇಗ ವಾಪಸ್ ಕಳಿಸಿ, ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಇಲ್ಲ ಅಂದರೆ ಮೆಣಸಿನ ಮೂಟೆಯ ಜೊತೆ ಇದೂ ಸೇರಿ ನೀವೇ ಕಳ್ಳ ಅಂತಾಗುತ್ತದೆ. ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಕಳಿಸಿದಾಗಿನ ಡೆಲಿವರಿ ಚೀಟಿಯಲ್ಲಿ ನಿಮ್ಮ ಸಹಿ ಇದ್ದರೆ ಅದರ ನಕಲೂ ಕೆಲಸಕ್ಕೆ ಬರುತ್ತದೆ.

ಅರ್ಜಿಗೆ ಮುಂಚೆ ಒಂದು ಪತ್ರ ಬರೆಯಿರಿ. ವಕೀಲರ ನೋಟಿಸೇ ಆಗಬೇಕು ಅಂತಿಲ್ಲ. ಬಿಳಿ ಹಾಳೆಯಲ್ಲಿ, ಕನ್ನಡದಲ್ಲಿ, ಬೈಗುಳ ಇಲ್ಲದೆ, ಆರೂವರೆ ವರ್ಷ ನಿಷ್ಠೆಯಿಂದ ದುಡಿದೆ ಅನ್ನೋ ಭಾಷಣವೂ ಇಲ್ಲದೆ. ಹೀಗೆ ಬರೆದರೆ ಸಾಕು:

"ನಾನು ತಮ್ಮ ತೋಟದಲ್ಲಿ 2019ರ ಜೂನ್‌ನಿಂದ 2026ರ ಜನವರಿ 31ರವರೆಗೆ ರೈಟರ್ ಆಗಿ ಕೆಲಸ ಮಾಡಿದ್ದೇನೆ. 2025ರ ಸೆಪ್ಟೆಂಬರ್‌ನಿಂದ 2026ರ ಜನವರಿವರೆಗಿನ ಐದು ತಿಂಗಳ ಸಂಬಳ, ತಿಂಗಳಿಗೆ 18,500ರಂತೆ, 92,500 ರೂಪಾಯಿ ನನಗೆ ಬಂದಿಲ್ಲ. ನಾನು ಪಡೆದ ಅಡ್ವಾನ್ಸ್‌ನ ಬಾಕಿ 10,000 ಕಳೆದು ಉಳಿದ 82,500 ರೂಪಾಯಿಯನ್ನು ಈ ಪತ್ರ ತಲುಪಿದ ಹದಿನೈದು ದಿನದೊಳಗೆ ನನ್ನ ಬ್ಯಾಂಕ್ ಖಾತೆಗೆ ಹಾಕಬೇಕಾಗಿ ಕೋರುತ್ತೇನೆ. ಮೆಣಸಿನ ಮೂಟೆಯ ಬಗ್ಗೆ ಇದುವರೆಗೆ ನನ್ನಿಂದ ಯಾವ ವಿವರಣೆಯನ್ನೂ ಕೇಳಿಲ್ಲ. ಆ ಕಡಿತಕ್ಕೆ ನನ್ನ ಒಪ್ಪಿಗೆ ಇಲ್ಲ."

ಕೆಳಗೆ ಸಹಿ, ದಿನಾಂಕ, ಖಾತೆ ನಂಬರ್. ರಿಜಿಸ್ಟರ್ಡ್ ಪೋಸ್ಟ್ ಈಗ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ಹಾಗಾಗಿ ಅಂಚೆ ಕಚೇರಿಯಲ್ಲಿ ತಲುಪಿದ್ದಕ್ಕೆ ಪುರಾವೆ ಬೇಕು ಅಂತ ಕೇಳಿ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಅದೇ ಪತ್ರದ ಫೋಟೋ ವಾಟ್ಸಾಪ್‌ಗೂ ಹಾಕಿ. ನೀಲಿ ಗೆರೆ ಬಿದ್ದರೆ ಅದರ ಸ್ಕ್ರೀನ್‌ಶಾಟ್. ಪತ್ರ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಆ ಲಕೋಟೆಯನ್ನು ಒಡೆಯದೆ ಹಾಗೇ ಇಡಿ.

ಅನುಭವದಿಂದ ಹೇಳ್ತೀನಿ, ಅರ್ಧದಷ್ಟು ಕೇಸು ಈ ಪತ್ರಕ್ಕೇ ಬಗೆಹರಿಯುತ್ತವೆ. ಸಾಹುಕಾರ್ರು ಊರಿನ ಹಿರಿಯರೊಬ್ಬರನ್ನು ಕಳಿಸಿ, ಏನಪ್ಪಾ ಇಷ್ಟು ವರ್ಷದ ಋಣ, ಪೇಪರ್ ಗೀಪರ್ ಯಾಕೆ, ಬಂದು ಕೂತು ಮಾತಾಡು ಅನ್ನುತ್ತಾರೆ. ಹೋಗಿ, ಕಾಫಿ ಕುಡಿಯಿರಿ, ಮಾತಾಡಿ. ಆದರೆ ಖಾಲಿ ವೋಚರ್‌ಗೆ, ರೆವಿನ್ಯೂ ಸ್ಟಾಂಪ್ ಅಂಟಿಸಿದ ಖಾಲಿ ಹಾಳೆಗೆ ಸಹಿ ಹಾಕಬೇಡಿ. ಮೂವತ್ತು ಸಾವಿರ ಕೊಟ್ಟರೆ ತಗೊಳ್ಳಿ, ಬೇಡ ಅನ್ನಬೇಡಿ, ಆದರೆ ರಸೀದಿಯಲ್ಲಿ "ಬಾಕಿಯ ಪೈಕಿ ಭಾಗಶಃ" ಅಂತ ನಿಮ್ಮ ಕೈಯಲ್ಲೇ ಬರೆದು ಸಹಿ ಹಾಕಿ. ಪೂರ್ಣ ಚುಕ್ತಾ ಅನ್ನೋ ಪದ ಇದ್ದರೆ ಸಹಿ ಬೇಡ. ಮುಂದಿನ ದಿನಾಂಕದ ಚೆಕ್ ಕೊಟ್ಟರೂ ತಗೊಳ್ಳಬಹುದು. ಅದು ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಸಿಕ್ಕಿದ ಮೂವತ್ತು ದಿನದೊಳಗೆ ನೋಟಿಸ್ ಕೊಡಬೇಕು, ಅವರಿಗೆ ಹದಿನೈದು ದಿನ ಸಮಯ, ಆಮೇಲೆ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ದೂರು. ಸಂಬಳದ ಅರ್ಜಿಗಿಂತ ಚೆಕ್ ಕೇಸಿಗೆ ಜನ ಹೆದರುತ್ತಾರೆ ಅನ್ನೋದು ಮಾತ್ರ ನಿಜ.

ಹದಿನೈದು ದಿನ ಕಳೆದರೂ ಸುದ್ದಿ ಇಲ್ಲ ಅಂದರೆ ಅರ್ಜಿ. ಮೊದಲು ತಾಲ್ಲೂಕಿನ ಲೇಬರ್ ಇನ್‌ಸ್ಪೆಕ್ಟರ್ ಹತ್ತಿರ ಹೋದರೆ ಅವರು ಇಬ್ಬರನ್ನೂ ಕರೆಸಿ ಮಾತಾಡಿಸುವುದುಂಟು. ಆಗಲಿ, ಆದರೆ ಅದಕ್ಕೆ ಒಂದು ತಿಂಗಳಿಗಿಂತ ಜಾಸ್ತಿ ಕೊಡಬೇಡಿ, ಮತ್ತೆ ಮತ್ತೆ ಮುಂದಿನ ವಾರ ಅಂತ ಅನ್ನಿಸಿಕೊಂಡು ಬರಬೇಡಿ. ಔಪಚಾರಿಕ ಅರ್ಜಿ ವೇತನ ಸಂಹಿತೆಯ 45ನೇ ಕಲಂ ಅಡಿಯಲ್ಲಿ. ಎಷ್ಟು ಬಾಕಿ ಅಂತ ತೀರ್ಮಾನಿಸಿ, ಅದರ ಮೇಲೆ ಪರಿಹಾರವನ್ನೂ ಕೊಡಿಸುವ ಅಧಿಕಾರ ಪ್ರಾಧಿಕಾರಕ್ಕಿದೆ. ಪರಿಹಾರ ಬಾಕಿಯ ಹತ್ತು ಪಟ್ಟಿನವರೆಗೆ ಕೊಡಬಹುದು ಅಂತ ಕಾನೂನು ಹೇಳುತ್ತದೆ. ಅಷ್ಟು ಓದಿ ಎಂಟು ಲಕ್ಷ ಬರುತ್ತೆ ಅಂತ ಲೆಕ್ಕ ಹಾಕಬೇಡಿ. ಅದು ಗರಿಷ್ಠ ಮಿತಿ. ಕೇಳುವುದು ಕೇಳಿ, ಆದರೆ ಮನೆ ಖರ್ಚಿನ ಲೆಕ್ಕದಲ್ಲಿ 82,500 ಮಾತ್ರ ಇಟ್ಟುಕೊಳ್ಳಿ. ಮೂರು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತಲೂ ಕಾನೂನಿನಲ್ಲಿದೆ. ಅದೂ ಹಾಗೇ, ವಾಯಿದೆ ಮೇಲೆ ವಾಯಿದೆ ಆಗುವುದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಮೊದಲ ವಾಯಿದೆಗೆ ಸಾಹುಕಾರ್ರು ಬರಲ್ಲ. ಎರಡನೆಯದಕ್ಕೆ ಅವರ ವಕೀಲರು ಬಂದು ತಕರಾರು ಹಾಕೋಕೆ ಸಮಯ ಕೇಳುತ್ತಾರೆ. ಆ ದಿನ ನೀವು ಬಂದಿರಲೇಬೇಕು. ನೀವೇ ಗೈರಾದರೆ ಅರ್ಜಿ ವಜಾ ಆಗುತ್ತದೆ. ಅವರು ಗೈರಾಗುತ್ತಲೇ ಇದ್ದರೆ ಏಕಪಕ್ಷೀಯವಾಗಿ ಆದೇಶ ಆಗುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ. ಯಾರಾದರೂ ನಿಮಗೆ, ಲೇಬರ್ ಕೋರ್ಟಿಗೇ ಹೋಗಿ, ಕೈಗಾರಿಕಾ ವಿವಾದ ಅಂತ ಹಾಕಿ ಅಂದರೆ ಸ್ವಲ್ಪ ಯೋಚಿಸಿ. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ, ಮೇಲ್ವಿಚಾರಣೆ ಕೆಲಸ ಮಾಡುತ್ತಾ 18,000ಕ್ಕಿಂತ ಜಾಸ್ತಿ ಸಂಬಳ ತಗೊಳ್ಳುವವರು ಕಾರ್ಮಿಕರ ವ್ಯಾಖ್ಯೆಗೆ ಬರಲ್ಲ. ನಿಮ್ಮ ಸಂಬಳ 18,500. ರೈಟರ್ ಕೆಲಸ ಗುಮಾಸ್ತಿಕೆ ಅಂತ ನಾವು ಹೇಳುತ್ತೇವೆ, ಆಳುಗಳ ಮೇಲೆ ನಿಂತು ಕೆಲಸ ಮಾಡಿಸುತ್ತಿದ್ದ ಮೇಲ್ವಿಚಾರಕ ಅಂತ ಅವರು ಹೇಳುತ್ತಾರೆ. ಆ ಐನೂರು ರೂಪಾಯಿ ನಿಮ್ಮ ಕಾಲಿಗೆ ತೊಡರಿಕೊಂಡು ಎರಡು ವರ್ಷ ಬರೀ ನೀವು ಯಾರು ಅನ್ನೋದರ ಮೇಲೆ ವಾದ ನಡೆಯುತ್ತದೆ. ವೇತನ ಸಂಹಿತೆಯಲ್ಲಿ ಈ ಜಗಳ ಇಲ್ಲ. ಗುಮಾಸ್ತ, ಮೇಲ್ವಿಚಾರಕ, ಮ್ಯಾನೇಜರ್ ಎಲ್ಲರೂ ಅದರಲ್ಲಿ ಉದ್ಯೋಗಿಗಳೇ. ನಿಮ್ಮನ್ನು ಕೆಲಸದಿಂದ ತೆಗೆದಿದ್ದರೆ ಮಾತು ಬೇರೆ ಇತ್ತು. ನಿಮಗೆ ಬೇಕಾಗಿರುವುದು ದುಡ್ಡು, ಕೆಲಸ ಅಲ್ಲ.

ನೀವು ಕೇಳದೇ ಬಿಟ್ಟಿರುವ ದೊಡ್ಡ ಮೊತ್ತ ಇನ್ನೊಂದಿದೆ, ಗ್ರಾಚ್ಯುಟಿ, ಅಂದರೆ ವರ್ಷಗಟ್ಟಲೆ ದುಡಿದವರಿಗೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು. ಐದು ವರ್ಷ ತುಂಬಿದ ಮೇಲೆ ಕೆಲಸ ಬಿಟ್ಟವರಿಗೆ ಅದು ಬರಲೇಬೇಕು, ರಾಜೀನಾಮೆ ಕೊಟ್ಟರೂ. ಕೊನೆಯ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ವರ್ಷಗಳಿಂದ ಗುಣಿಸಬೇಕು. ಆರು ವರ್ಷ ಎಂಟು ತಿಂಗಳು ಅಂದರೆ ಏಳು ವರ್ಷ ಅಂತ ಲೆಕ್ಕ, ಆರು ತಿಂಗಳು ದಾಟಿದ ಭಾಗವನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ನಿಮ್ಮದು ಭತ್ಯೆ ಗಿತ್ಯೆ ಅಂತ ಒಡೆಯದ ಒಂದೇ ಮೊತ್ತದ ಸಂಬಳ ಆಗಿದ್ದರೆ 18,500ರ ಮೇಲೆ 74,700 ರೂಪಾಯಿ ಆಸುಪಾಸು ಬರುತ್ತದೆ. ನೋಡಿ, ಸಂಬಳದ ಬಾಕಿಗೆ ಹತ್ತಿರ ಹತ್ತಿರ. ತೊಂಬತ್ತು ಎಕರೆ, ಮೂವತ್ತು ಆಳಿನ ತೋಟ ಇದರಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಮೂವತ್ತು ದಿನದೊಳಗೆ ಕೊಡಬೇಕು, ತಡ ಮಾಡಿದರೆ ಬಡ್ಡಿ ಸಮೇತ. ಮೆಣಸಿನ ಮೂಟೆಗೆ ಗ್ರಾಚ್ಯುಟಿ ವಜಾ ಮಾಡ್ಕೋತೀನಿ ಅಂತ ಅವರು ಹೇಳಿದರೆ ಅದೂ ಆಗಲ್ಲ. ನಷ್ಟ ಮಾಡಿದ ಕಾರಣಕ್ಕೆ ಕೆಲಸದಿಂದ ತೆಗೆದಿದ್ದರೆ ಮಾತ್ರ ನಷ್ಟದಷ್ಟು ಹಿಡಿಯಬಹುದು. ನಿಮ್ಮನ್ನು ಯಾರೂ ತೆಗೆದಿಲ್ಲ, ನೀವೇ ಬಿಟ್ಟಿದ್ದು. ಇದಕ್ಕೆ ಅರ್ಜಿ ಬೇರೆ, ಸಂಬಳದ ಅರ್ಜಿಯೊಳಗೆ ಇದನ್ನು ಸೇರಿಸಬೇಡಿ. ಒಂದೇ ಪ್ರಯಾಣದಲ್ಲಿ ಎರಡನ್ನೂ ಕೊಟ್ಟು ಬನ್ನಿ.

ಪಿಎಫ್ ವಿಷಯ ನೀವು ಬರೆದಿಲ್ಲ. ಇಪ್ಪತ್ತು ಜನರಿಗಿಂತ ಜಾಸ್ತಿ ಇರುವ ತೋಟ, ಹಾಗಾಗಿ ಇರಬಹುದು. ಪಿಎಫ್ ಖಾತೆಯ ಯುಎಎನ್ ನಂಬರ್ ಇದ್ದರೆ ಪಾಸ್‌ಬುಕ್ ತೆಗೆದು ನೋಡಿ. ಇದ್ದರೆ ತಿಂಗಳು ತಿಂಗಳಿನ ನಮೂದೇ ನೇಮಕಾತಿ ಪತ್ರಕ್ಕಿಂತ ಗಟ್ಟಿ ಪುರಾವೆ. ಸಂಬಳದಲ್ಲಿ ಮುರಿದು ಕಟ್ಟದೇ ಇದ್ದರೆ ಪಿಎಫ್ ಪ್ರಾದೇಶಿಕ ಕಚೇರಿ ಚಿಕ್ಕಮಗಳೂರಿನಲ್ಲೇ ಇದೆ, ಅಲ್ಲೂ ಒಂದು ದೂರು ಕೊಡಿ.

ವಕೀಲರ ಖರ್ಚು. ಈ ಪ್ರಾಧಿಕಾರದ ಮುಂದೆ ನೀವೇ ನಿಂತು ಹೇಳಬಹುದು, ವಕೀಲರು ಕಡ್ಡಾಯ ಅಲ್ಲ. ನೋಂದಾಯಿತ ಸಂಘದ ಸದಸ್ಯರಾಗಿದ್ದರೆ ಸಂಘದವರೇ ಅರ್ಜಿ ಹಾಕಬಹುದು. ಕಾರ್ಮಿಕ ಸಂಘಟನೆಗಳಾದ ಎಐಟಿಯುಸಿ, ಸಿಐಟಿಯು, ಐಎನ್‌ಟಿಯುಸಿ ಕಡೆಯವರಿಗೆ ತೋಟದ ಲೆಕ್ಕ ವಕೀಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಇದನ್ನು ವಕೀಲನಾಗಿ ನಾನೇ ಒಪ್ಪುತ್ತೇನೆ. ವಕೀಲರೇ ಬೇಕು ಅನ್ನಿಸಿದರೆ ಕೋರ್ಟ್ ಆವರಣದಲ್ಲಿರುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಕೈಗಾರಿಕಾ ಕಾರ್ಮಿಕರು, ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರನ್ನು ಕೊಡುತ್ತಾರೆ. ಉಳಿದವರಿಗೆ ಆದಾಯದ ಮಿತಿ ಇರುತ್ತದೆ.

ಆದೇಶ ನಿಮ್ಮ ಪರ ಆಯಿತು, ಅವರು ಆಗಲೂ ಕೊಡಲಿಲ್ಲ ಅಂದುಕೊಳ್ಳಿ. ಮೇಲ್ಮನವಿಗೆ ಅವರಿಗೆ 90 ದಿನ ಇದೆ. ಅದೂ ಇಲ್ಲ, ದುಡ್ಡೂ ಇಲ್ಲ ಅಂದರೆ ಪ್ರಾಧಿಕಾರ ವಸೂಲಾತಿ ಪ್ರಮಾಣಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ. ಅಲ್ಲಿಂದ ಅದು ಭೂಕಂದಾಯದ ಬಾಕಿಯ ಹಾಗೆ ವಸೂಲಾಗಬೇಕು. ಬೆಂಗಳೂರಿನ ಕಂಪನಿಗಳ ಮೇಲೆ ಈ ಪ್ರಮಾಣಪತ್ರ ಎಷ್ಟೋ ಸಲ ಫೈಲಿನಲ್ಲೇ ಮಲಗುತ್ತದೆ, ಆಫೀಸು ಖಾಲಿ ಮಾಡಿಕೊಂಡು ಹೋಗಿರುತ್ತಾರೆ. ತೋಟ ಎಲ್ಲಿಗೆ ಓಡಿಹೋಗುತ್ತದೆ? ತಹಸೀಲ್ದಾರರ ನೋಟಿಸ್ ಬಂದು ಪಹಣಿಯಲ್ಲಿ ಸಾಲ, ಋಣಗಳನ್ನು ಬರೆಯುವ 11ನೇ ಕಾಲಂನಲ್ಲಿ ಏನಾದರೂ ನಮೂದಾಗಬಹುದು ಅನ್ನೋ ಮಾತು ಕೇಳಿದರೆ ಸಾಕು, ಬ್ಯಾಂಕಿನಲ್ಲಿ ಬೆಳೆ ಸಾಲ ನವೀಕರಿಸಬೇಕಾದ ಯಾವ ಬೆಳೆಗಾರನೂ ಸುಮ್ನೆ ಕೂರಲ್ಲ. ಒಬ್ಬರು ನನಗೇ ಫೋನ್ ಮಾಡಿ, ಸಾರ್, ಸಂಜೆಯೊಳಗೆ ನೆಫ್ಟ್ ಮಾಡ್ತೀನಿ, ಕಾಲಂ ಗೀಲಂ ಬೇಡ ಅಂದಿದ್ದರು. ಅದಕ್ಕೇ ಅರ್ಜಿಯಲ್ಲಿ ತೋಟದ ಸರ್ವೆ ನಂಬರ್, ಗ್ರಾಮ, ಹೋಬಳಿ ಬರೆಯಲು ಮರೆಯಬೇಡಿ. ಪಹಣಿ ಯಾರು ಬೇಕಾದರೂ ತೆಗೆಸಬಹುದು. ತೋಟ ಯಾರ ಹೆಸರಿನಲ್ಲಿದೆ ಅಂತಲೂ ಆಗ ಗೊತ್ತಾಗುತ್ತದೆ. ಸಾಹುಕಾರ್ರ ಹೆಸರಿನಲ್ಲಿ ಅಂತ ನಾವು ಅಂದುಕೊಂಡಿರುತ್ತೇವೆ, ನೋಡಿದರೆ ಹೆಂಡತಿ, ಮಕ್ಕಳು, ತಮ್ಮನ ಜಂಟಿ ಹೆಸರು ಇರುತ್ತದೆ. ಹಾಗಿದ್ದರೆ ಅವರನ್ನೆಲ್ಲ ಎದುರುದಾರರು ಅಂತ ಸೇರಿಸಿ. ಆಗ ಎರಡನೇ ಬೀಗದ ಕೈ ಇಟ್ಟುಕೊಂಡಿದ್ದ ತಮ್ಮನೂ ಬಂದು ಉತ್ತರ ಹೇಳಬೇಕಾಗುತ್ತದೆ.

ಕೊನೆಗೆ ನಿಮ್ಮ ಡ್ರೈವರ್. ಎಷ್ಟು ಜನ ಇದ್ದರೂ ಒಂದೇ ಅರ್ಜಿಯಲ್ಲಿ ಸೇರಿ ಕೇಳಲು ಕಾನೂನಿನಲ್ಲಿ ಅವಕಾಶ ಇದೆ. ಇಬ್ಬರು ಸೇರಿ ಹೇಳಿದರೆ ತೂಕ ಜಾಸ್ತಿ, ಒಬ್ಬರಿಗೊಬ್ಬರು ಸಾಕ್ಷಿಯೂ ಆಗುತ್ತೀರಿ. ಆದರೆ ಅವರು ಇನ್ನೂ ಅದೇ ತೋಟದಲ್ಲಿದ್ದಾರೆ, ಬಹುಶಃ ಆಳುಗಳಿಗೆ ತೋಟದವರು ಕೊಡುವ ಲೈನ್ ಮನೆಯಲ್ಲೇ ಇರಬಹುದು, ಮಕ್ಕಳು ಅಲ್ಲಿಂದಲೇ ಶಾಲೆಗೆ ಹೋಗುತ್ತಿರಬಹುದು. ಕೇಳಿ ನೋಡಿ, ಒತ್ತಾಯ ಮಾಡಬೇಡಿ. ಬರಲ್ಲ ಅಂದರೆ ಅವರ ಹೆಸರನ್ನು ಅರ್ಜಿಯಲ್ಲಿ ಎತ್ತಲೇಬೇಡಿ. ಅವರ ಮೂರು ತಿಂಗಳ ಲೆಕ್ಕ ಮಾತ್ರ, ಯಾವ ತಿಂಗಳು, ಎಷ್ಟು ದಿನ, ಎಷ್ಟು ರೂಪಾಯಿ ಅಂತ, ಒಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟು ಬನ್ನಿ. ಅದನ್ನು ನಿಮ್ಮಷ್ಟು ಚೆನ್ನಾಗಿ ಬರೆಯುವವರು ಆ ತೋಟದಲ್ಲಿ ಈಗ ಯಾರೂ ಇಲ್ಲ.